ಮರೀನ್ ಪಡೆಯ ಸ್ಥಾನಮಾನ: ಸೇನಾವ್ಯವಸ್ಥೆಯಲ್ಲಿ ಒಂದು ಶಾಸನಬದ್ಧ ಅಪವಾದ

ಪೀಠಿಕೆ

ಒಂದು ರಾಷ್ಟ್ರದ ಸಶಸ್ತ್ರಬಲವನ್ನು ಭೂಸೇನೆ, ನೌಕಾಸೇನೆ, ವಾಯುಸೇನೆ ಎಂದು ಮೂರಾಗಿ ವಿಂಗಡಿಸುವುದು ಆಧುನಿಕ ಕಾಲದ ರೂಢಿ. ನೆಲ, ನೀರು, ಆಕಾಶ ಎಂಬ ನಿಸರ್ಗದ ವಿಭಾಗವೇ ಈ ವಿಂಗಡಣೆಗೆ ಆಧಾರವಾಗಿರುವುದರಿಂದ ಅದು ಮೇಲ್ನೋಟಕ್ಕೆ ಸ್ವಯಂಸಿದ್ಧವೆಂಬಂತೆ ತೋರುತ್ತದೆ. ಆದರೆ ನೀರು ಮುಗಿದು ನೆಲ ಆರಂಭವಾಗುವ ತೀರಪ್ರದೇಶಕ್ಕೆ ಬಂದಾಗ ಈ ಸರಳತೆ ಉಳಿಯುವುದಿಲ್ಲ. ಹಡಗಿನಲ್ಲಿ ಸಾಗಿ ಶತ್ರುವಿನ ದಡದ ಮೇಲಿಳಿದು ಕಾದಾಡುವವನು ಯಾರ ಸೈನಿಕ? ಅವನಿಗೆ ಆಜ್ಞೆ ನೀಡುವ ಅಧಿಕಾರ ಯಾರದು? ಅವನು ತಪ್ಪೆಸಗಿದರೆ ಯಾವ ಕಾನೂನಿನಡಿ ವಿಚಾರಣೆ ನಡೆಯಬೇಕು? ಅವನ ಬಂದೂಕು, ಊಟ, ಔಷಧಿಗಳ ವೆಚ್ಚವನ್ನು ಯಾವ ಇಲಾಖೆ ಭರಿಸಬೇಕು? ಈ ಪ್ರಶ್ನೆಗಳ ಸುತ್ತ ಬೆಳೆದು ಬಂದ ಸಂಸ್ಥೆಯೇ ಮರೀನ್ ಪಡೆ.

ಕನ್ನಡದ ಓದುಗನಿಗೆ ಈ ಪದವೇ ಒಂದು ತೊಡಕನ್ನು ಒಡ್ಡುತ್ತದೆ. 'ನೌಕಾಯೋಧ' ಎಂದರೆ ನಾವಿಕನ ಅರ್ಥ ಬರುತ್ತದೆ. 'ನೌಕಾ ಪದಾತಿ' ಎಂದರೆ ನೌಕಾಸೇನೆಯ ಒಂದು ಅಂಗವೆಂಬ ಭಾವನೆ ಮೂಡುತ್ತದೆ. 'ಸೈನಿಕ' ಎಂಬ ಸಾಮಾನ್ಯ ಪದವನ್ನು ಬಳಸಿದರೆ ಭೇದವೇ ಅಳಿಸಿಹೋಗುತ್ತದೆ. ಅಮೆರಿಕದ ಬಳಕೆಯಲ್ಲಿ ಸೈನಿಕನೆಂದರೆ ಭೂಸೇನೆಯವನು, ನಾವಿಕನೆಂದರೆ ನೌಕಾಸೇನೆಯವನು. ಮರೀನ್ ಈ ಇಬ್ಬರಲ್ಲಿ ಯಾರೂ ಅಲ್ಲ. ಭಾಷೆಯಲ್ಲಿನ ಈ ಎಡವಟ್ಟು ಆಡಳಿತದಲ್ಲಿಯೂ ಎರಡು ಶತಮಾನಗಳಿಗೂ ಮೀರಿ ಉಳಿದುಬಂದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಮರೀನ್ ಪಡೆಯನ್ನು ಮುಖ್ಯ ನಿದರ್ಶನವನ್ನಾಗಿ ಇಟ್ಟುಕೊಂಡು, ಅಂತಹ ಪಡೆಯ ಸ್ಥಾನಮಾನವು ಹೇಗೆ ರೂಪುಗೊಂಡಿತು, ಯಾವುದರಿಂದ ಉಳಿಯಿತು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಹಡಗಿನ ಮೇಲಿನ ಪದಾತಿ

ಯುರೋಪಿನಲ್ಲಿ ನೌಕಾಪದಾತಿಯ ಪರಂಪರೆ ಪ್ರಾಚೀನವಾದುದು. ಸ್ಪೇನ್ ತನ್ನ ಪಡೆಯ ಮೂಲವನ್ನು 1537ಕ್ಕೆ ಒಯ್ಯುತ್ತದೆ. ಇಂಗ್ಲೆಂಡಿನಲ್ಲಿ 1664ರ ಅಕ್ಟೋಬರ್ 28ರಂದು, ಹಾಲೆಂಡಿನಲ್ಲಿ 1665ರ ಡಿಸೆಂಬರ್ 10ರಂದು ಇಂತಹ ಪಡೆಗಳು ಹುಟ್ಟಿಕೊಂಡವು. ಹಾಯಿಹಡಗುಗಳ ಕಾಲದಲ್ಲಿ ಶತ್ರುವಿನ ಹಡಗಿನ ಮೇಲಿದ್ದವರ ಮೇಲೆ ಗುಂಡು ಹಾರಿಸುವುದು, ಹಡಗುಗಳು ಪರಸ್ಪರ ತಾಗಿದಾಗ ಏರಿಹೋಗಿ ಕಾದಾಡುವುದು, ಅಗತ್ಯಬಿದ್ದಾಗ ದಡಕ್ಕಿಳಿಯುವುದು ಇವರ ಕೆಲಸವಾಗಿತ್ತು. ಇವುಗಳ ಜೊತೆಗೆ, ಹಡಗಿನ ಅಧಿಕಾರಿಗಳನ್ನು ನಾವಿಕರ ದಂಗೆಯಿಂದ ರಕ್ಷಿಸುವ ಹೊಣೆಯೂ ಇವರ ಮೇಲಿತ್ತು. ನಾವಿಕರ ನಡುವೆಯೇ ಬದುಕುತ್ತ ಅವರಿಂದ ಬೇರೆಯಾಗಿ ಉಳಿಯುವ ಪ್ರವೃತ್ತಿ ಈ ಪಡೆಗಳಲ್ಲಿ ಆರಂಭದಿಂದಲೇ ಬೇರೂರಿರುವುದಕ್ಕೆ ಈ ಹೊಣೆಯೂ ಒಂದು ಕಾರಣವೆನ್ನಬಹುದು.

ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಬಂಡೆದ್ದಾಗ ಈ ಮಾದರಿಯನ್ನೇ ಅನುಸರಿಸಿದವು. 1775ರ ನವೆಂಬರ್ 10ರಂದು ಕಾಂಟಿನೆಂಟಲ್ ಕಾಂಗ್ರೆಸ್ಸು ಎರಡು ಬೆಟಾಲಿಯನ್ ಮರೀನರನ್ನು ಸೇರಿಸಿಕೊಳ್ಳುವ ನಿರ್ಣಯ ಕೈಗೊಂಡಿತು. ಸ್ಯಾಮ್ಯುಯೆಲ್ ನಿಕೋಲಸ್ ಮೊದಲ ಅಧಿಕಾರಿಯಾಗಿ ನೇಮಕಗೊಂಡನು. 1776ರ ಮಾರ್ಚ್ ತಿಂಗಳಲ್ಲಿ ಅವನ ನೇತೃತ್ವದಲ್ಲಿ ಬಹಾಮಾಸ್ ದ್ವೀಪಗಳ ನ್ಯೂ ಪ್ರಾವಿಡೆನ್ಸಿನಲ್ಲಿ ನಡೆದ ದಾಳಿಯು ಈ ಪಡೆಯ ಮೊದಲ ತೀರಾವತರಣವೆಂದು ಪರಿಗಣಿತವಾಗಿದೆ. ಯುದ್ಧ ಮುಗಿದ ಬಳಿಕ ಪಡೆಯನ್ನು ವಿಸರ್ಜಿಸಲಾಯಿತು. ಅಗತ್ಯವಿದ್ದಾಗ ಕಟ್ಟುವುದು, ಅಗತ್ಯ ತೀರಿದಾಗ ಕಳಚುವುದು ಎಂಬ ಈ ಮೊದಲ ಅನುಭವವು ಮುಂದೆ ಆ ಪಡೆಯನ್ನು ಸದಾ ಕಾಡಿದ ಭೀತಿಯ ಬೀಜವಾಯಿತು.

ಎರಡು ಕಾನೂನುಗಳ ನಡುವೆ

1798ರ ಜುಲೈ 11ರಂದು ಅಧ್ಯಕ್ಷ ಜಾನ್ ಆಡಮ್ಸ್ ಸಹಿ ಮಾಡಿದ ಕಾಯಿದೆಯ ಮೂಲಕ ಮರೀನ್ ಪಡೆ ಪುನಃಸ್ಥಾಪಿತವಾಯಿತು. ಸಮುದ್ರದಲ್ಲಿ ಸೇವೆ ಸಲ್ಲಿಸುವುದರ ಜೊತೆಗೆ ತೀರದ ಕೋಟೆಗಳಲ್ಲಿಯೂ, ಅಧ್ಯಕ್ಷರು ವಿವೇಚನಾನುಸಾರ ಸೂಚಿಸುವ ದಡದ ಇತರ ಕೆಲಸಗಳಲ್ಲಿಯೂ ಮರೀನರನ್ನು ತೊಡಗಿಸಬಹುದೆಂದು ಆ ಕಾಯಿದೆ ಹೇಳಿತು. ಇದರಿಂದ ಪಡೆಯ ಉಪಯುಕ್ತತೆ ಹಿಗ್ಗಿತು. ಅದರೊಂದಿಗೇ ಸಮಸ್ಯೆಯೂ ಹುಟ್ಟಿತು. ಹಡಗಿನ ಮೇಲಿರುವಾಗ ಮರೀನನು ನೌಕಾಸೇನೆಯ ನಿಯಮಗಳಿಗೆ ಒಳಪಡುತ್ತಿದ್ದನು. ದಡದ ಮೇಲಿರುವಾಗ ಭೂಸೇನೆಯ ದಂಡಸಂಹಿತೆಗೆ ಒಳಪಡುತ್ತಿದ್ದನು. ನೌಕಾನೆಲೆಯ ಅಂಗಳದಲ್ಲಿ ಪಹರೆ ನಿಂತವನು ಇವೆರಡರಲ್ಲಿ ಯಾವುದಕ್ಕೆ ಸೇರಿದವನು ಎಂಬುದು ಮಾತ್ರ ಸ್ಪಷ್ಟವಾಗಿರಲಿಲ್ಲ. ನೌಕಾನೆಲೆಯ ಅಧಿಕಾರಿಗೂ ಮರೀನ್ ಅಧಿಕಾರಿಗೂ ಮೇಲುಗೈಯ ವಿಷಯದಲ್ಲಿ ಜಗಳಗಳು ಸಾಮಾನ್ಯವಾದವು.

ಈ ಗೊಂದಲಕ್ಕೆ ಬೇಸತ್ತ ಅಧ್ಯಕ್ಷ ಆ್ಯಂಡ್ರೂ ಜಾಕ್ಸನ್ 1829ರಲ್ಲಿ ಕಾಂಗ್ರೆಸ್ಸಿಗೆ ಕಳುಹಿಸಿದ ಸಂದೇಶದಲ್ಲಿ ಮರೀನ್ ಪಡೆಯನ್ನು ಭೂಸೇನೆಯಲ್ಲಿ ವಿಲೀನಗೊಳಿಸುವಂತೆ ಶಿಫಾರಸು ಮಾಡಿದನು. ಆಗ ಪಡೆಯ ಮುಖ್ಯಸ್ಥನಾಗಿದ್ದ ಆರ್ಚಿಬಾಲ್ಡ್ ಹೆಂಡರ್ಸನ್, 1820ರಿಂದ 1859ರವರೆಗೆ ಸುಮಾರು ನಾಲ್ಕು ದಶಕ ಕಮಾಂಡೆಂಟ್ ಪದವಿಯಲ್ಲಿದ್ದವನು, ಇದನ್ನು ಪ್ರಬಲವಾಗಿ ವಿರೋಧಿಸಿದನು. ಕೊನೆಗೆ 1834ರ ಜೂನ್ 30ರ ಕಾಯಿದೆಯು ಒಂದು ನಡುದಾರಿಯನ್ನು ಕಂಡುಕೊಂಡಿತು. ಅದರ ಪ್ರಕಾರ ಮರೀನರು ಹಡಗಿನಲ್ಲಿರಲಿ, ದಡದಲ್ಲಿರಲಿ, ನೌಕಾಸೇನೆಯ ಕಾನೂನಿಗೆ ಒಳಪಟ್ಟವರು. ಅಧ್ಯಕ್ಷರ ಆದೇಶದ ಮೇರೆಗೆ ಭೂಸೇನೆಯೊಡನೆ ಸೇವೆಗೆ ನಿಯೋಜಿತರಾದಾಗ ಮಾತ್ರ ಭೂಸೇನೆಯ ಕಾನೂನು ಅವರಿಗೆ ಅನ್ವಯಿಸುತ್ತದೆ. ನೌಕಾ ಇಲಾಖೆಯ ಒಳಗಿದ್ದರೂ ನೌಕಾಸೇನೆಯಲ್ಲಿ ಲೀನವಾಗದ ವಿಶಿಷ್ಟ ಸ್ಥಾನಕ್ಕೆ ಈ ಕಾಯಿದೆಯೇ ಅಡಿಗಲ್ಲಾಯಿತು.

ಈ ವ್ಯವಸ್ಥೆಯ ನಮ್ಯತೆಗೆ ಒಂದನೆಯ ಮಹಾಯುದ್ಧದಲ್ಲಿ ಉತ್ತಮ ನಿದರ್ಶನ ದೊರೆಯುತ್ತದೆ. 1918ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮರೀನ್ ಬ್ರಿಗೇಡೊಂದು ಭೂಸೇನೆಯ ಎರಡನೆಯ ಡಿವಿಷನ್ನಿನ ಭಾಗವಾಗಿ ಹೋರಾಡಿತು. ಅದೇ ವರ್ಷ ಜುಲೈಯಲ್ಲಿ ಮರೀನ್ ಅಧಿಕಾರಿಯಾದ ಜಾನ್ ಲಜೂನ್ ಆ ಇಡೀ ಡಿವಿಷನ್ನಿನ ಮುಖ್ಯಸ್ಥನಾದನು. ಒಂದು ಸೇನೆಯ ಅಧಿಕಾರಿ ಇನ್ನೊಂದು ಸೇನೆಯ ಸಾವಿರಾರು ಸೈನಿಕರನ್ನು ಯುದ್ಧಕ್ಕೆ ನಡೆಸಲು 1834ರ ಕಾಯಿದೆಯು ತೆರೆದಿಟ್ಟ ಬಾಗಿಲು ನೆರವಾಯಿತು.

ಹಡಗಿನ ಕಾವಲಿನಿಂದ ತೀರಾಕ್ರಮಣದವರೆಗೆ

ಉಗಿಹಡಗುಗಳು ಮತ್ತು ದೂರಗಾಮಿ ಫಿರಂಗಿಗಳು ಬಂದ ಮೇಲೆ ಮರೀನರ ಹಳೆಯ ಕಸುಬು ನಿರರ್ಥಕವಾಯಿತು. ಹಡಗಿನಿಂದ ಹಡಗಿಗೆ ಏರುವ ಯುದ್ಧ ಮರೆಯಾಯಿತು. ಶಿಸ್ತುಳ್ಳ ವೃತ್ತಿನಿರತ ನಾವಿಕರಿಗೆ ಕಾವಲುಗಾರರ ಅಗತ್ಯ ಉಳಿಯಲಿಲ್ಲ. 1908ರ ನವೆಂಬರಿನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಯುದ್ಧನೌಕೆಗಳಿಂದ ಮರೀನರನ್ನು ಕೆಳಗಿಳಿಸುವ ಆದೇಶ ಹೊರಡಿಸಿದನು. ಮರುವರ್ಷ ಕಾಂಗ್ರೆಸ್ಸು ನೌಕಾ ಅನುದಾನದ ಮಸೂದೆಯಲ್ಲಿಯೇ ಷರತ್ತೊಂದನ್ನು ಸೇರಿಸಿ, ಹಡಗುಗಳಲ್ಲಿ ನಿಗದಿತ ಪ್ರಮಾಣದ ಮರೀನರು ಇಲ್ಲದಿದ್ದರೆ ಹಣ ವೆಚ್ಚ ಮಾಡಕೂಡದೆಂದು ಆ ಆದೇಶವನ್ನು ನಿಷ್ಫಲಗೊಳಿಸಿತು. ಕಾರ್ಯಾಂಗವು ಪಡೆಯನ್ನು ಕುಗ್ಗಿಸಲು ಹೊರಟಾಗಲೆಲ್ಲ ಶಾಸಕಾಂಗವು ಅಡ್ಡನಿಲ್ಲುವ ಪರಿಪಾಠ ಇಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ.

ಶಾಸಕರ ಆಶ್ರಯವಿದ್ದರೂ ಪಡೆಗೆ ಹೊಸ ಕಾರ್ಯವೊಂದು ಬೇಕಾಗಿತ್ತು. 1915ರ ಗಲಿಪೊಲಿ ದಂಡಯಾತ್ರೆಯ ವೈಫಲ್ಯದ ನಂತರ, ಸಮುದ್ರದಿಂದ ಬಂದು ಸುಸಜ್ಜಿತ ತೀರವನ್ನು ಗೆಲ್ಲುವುದು ಅಸಾಧ್ಯವೆಂಬ ಅಭಿಪ್ರಾಯ ಸೇನಾತಜ್ಞರಲ್ಲಿ ವ್ಯಾಪಕವಾಗಿತ್ತು. ಅದೇ ಕೆಲಸವನ್ನು ಮರೀನ್ ಪಡೆ ತನ್ನ ಪಾಲಿಗೆ ಆರಿಸಿಕೊಂಡಿತು. 1921ರಲ್ಲಿ ಅರ್ಲ್ ಎಲ್ಲಿಸ್ ಎಂಬ ಅಧಿಕಾರಿ ಮೈಕ್ರೊನೇಷಿಯಾದ ದ್ವೀಪಗಳನ್ನು ಜಪಾನಿನಿಂದ ಕಸಿದುಕೊಳ್ಳುವ ವಿಸ್ತೃತ ಯೋಜನೆಯನ್ನು ಸಿದ್ಧಪಡಿಸಿದನು. 1933ರ ಡಿಸೆಂಬರಿನಲ್ಲಿ ನೌಕಾಬಲದೊಡನೆ ಕಾರ್ಯನಿರ್ವಹಿಸುವ ಸ್ಥಾಯಿ ತೀರಾಕ್ರಮಣ ದಳವನ್ನು ರಚಿಸಲಾಯಿತು. 1934ರಲ್ಲಿ ತೀರಾವತರಣದ ಕೈಪಿಡಿ ಸಿದ್ಧವಾಯಿತು. ಎರಡನೆಯ ಮಹಾಯುದ್ಧದಲ್ಲಿ ಈ ಚಿಂತನೆಗೆ ಫಲ ದೊರೆಯಿತು. ಪಡೆಯು ಆರು ಡಿವಿಷನ್ನುಗಳಿಗೆ ಬೆಳೆದು, ಸಂಖ್ಯಾಬಲ 4,80,000ವನ್ನು ಮೀರಿತು.

ಆದರೆ ಆ ಯುದ್ಧವೇ ಸ್ಥಾನಮಾನದ ಪ್ರಶ್ನೆಯ ಕಟುಮುಖವನ್ನೂ ತೋರಿಸಿತು. 1942ರ ಆಗಸ್ಟ್ 7ರಂದು ಒಂದನೆಯ ಮರೀನ್ ಡಿವಿಷನ್ ಗ್ವಾಡಲ್‌ಕೆನಾಲ್ ದ್ವೀಪದ ಮೇಲಿಳಿಯಿತು. ಮರುದಿನ ರಾತ್ರಿ ಸಾವೊ ದ್ವೀಪದ ಬಳಿ ನೌಕಾಬಲ ತೀವ್ರ ಸೋಲನ್ನು ಅನುಭವಿಸಿದ ಮೇಲೆ, ಸಾಮಗ್ರಿಯನ್ನು ಪೂರ್ತಿಯಾಗಿ ಇಳಿಸುವ ಮೊದಲೇ ಸಾಗಣೆ ಹಡಗುಗಳು ಹಿಂದೆಗೆದವು. ದಡದಲ್ಲಿದ್ದವರು ಅರೆಹೊಟ್ಟೆಯಲ್ಲಿ, ಶತ್ರುವಿನಿಂದ ವಶಪಡಿಸಿಕೊಂಡ ಅಕ್ಕಿಯನ್ನೂ ಉಂಡು ದಿನ ದೂಡಬೇಕಾಯಿತು. ನೌಕಾಧಿಕಾರಿಗಳ ದೃಷ್ಟಿಯಿಂದ ಹಡಗುಗಳನ್ನು ಉಳಿಸಿಕೊಳ್ಳುವುದು ಸಮರ್ಥನೀಯವಾಗಿತ್ತು. ದಡದಲ್ಲಿ ಉಳಿದವರ ದೃಷ್ಟಿಯಿಂದ ಅದು ಕೈಬಿಟ್ಟುಹೋದಂತೆಯೇ ಆಗಿತ್ತು. 1944ರ ಜೂನಿನಲ್ಲಿ ಸೈಪಾನ್ ದ್ವೀಪದಲ್ಲಿ ಮರೀನ್ ಸೇನಾನಿ ಹಾಲೆಂಡ್ ಸ್ಮಿತ್ ತನ್ನ ಅಧೀನದಲ್ಲಿದ್ದ ಭೂಸೇನೆಯ ಡಿವಿಷನ್ ಮುಖ್ಯಸ್ಥ ರಾಲ್ಫ್ ಸ್ಮಿತ್‌ನನ್ನು ಪದಚ್ಯುತಗೊಳಿಸಿದಾಗ ಎರಡು ಸೇನೆಗಳ ನಡುವೆ ಎದ್ದ ಕಹಿ ಯುದ್ಧಾನಂತರವೂ ಶಮನವಾಗಲಿಲ್ಲ.

ಅಸ್ತಿತ್ವದ ಪ್ರಶ್ನೆ: 1946ರಿಂದ 1952

ಮಹಾಯುದ್ಧದ ತರುವಾಯ ಮೂರೂ ಸೇನೆಗಳನ್ನು ಒಂದೇ ಆಡಳಿತದಡಿ ತರುವ ಪ್ರಯತ್ನ ಆರಂಭವಾಯಿತು. ಭೂಸೇನೆಯಂತೆ ಕಾದಾಡುವ ಇನ್ನೊಂದು ಪಡೆ, ವಾಯುಸೇನೆಯಂತೆ ಹಾರಾಡುವ ಇನ್ನೊಂದು ವಿಮಾನಬಲ ಏಕೆ ಬೇಕೆಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಭೂಸೇನೆಯ ಮುಖ್ಯಸ್ಥನಾಗಿದ್ದ ಐಸೆನ್‌ಹೋವರ್, ಮರೀನ್ ಘಟಕಗಳು ರೆಜಿಮೆಂಟಿಗಿಂತ ದೊಡ್ಡದಾಗಿರಬಾರದೆಂಬ ಅಭಿಪ್ರಾಯ ಮಂಡಿಸಿದನು. ಇದು ಅಂಗೀಕೃತವಾಗಿದ್ದರೆ ಪಡೆಯು ಮತ್ತೆ ಹಡಗಿನ ಕಾವಲಿನ ಮಟ್ಟಕ್ಕೆ ಇಳಿಯುತ್ತಿತ್ತು. 1946ರ ಮೇ ತಿಂಗಳಲ್ಲಿ ಕಮಾಂಡೆಂಟ್ ಅಲೆಕ್ಸಾಂಡರ್ ವ್ಯಾಂಡಿಗ್ರಿಫ್ಟ್ ಸೆನೆಟ್ಟಿನ ಸಮಿತಿಯ ಮುಂದೆ ಹೇಳಿಕೆ ನೀಡಿ, ಮಂಡಿಯೂರಿ ಬೇಡಿಕೊಳ್ಳುವುದು ತನ್ನ ಪಡೆಯ ಪರಂಪರೆಯಲ್ಲವೆಂದೂ, ಅದನ್ನು ಉಳಿಸುವ ಅಥವಾ ಅಳಿಸುವ ನಿರ್ಧಾರ ರಾಷ್ಟ್ರದ ಶಾಸಕಾಂಗಕ್ಕೇ ಸೇರಿದ್ದೆಂದೂ ಪ್ರತಿಪಾದಿಸಿದನು. ಫಲವಾಗಿ 1947ರ ಜುಲೈ 26ರ ರಾಷ್ಟ್ರೀಯ ಭದ್ರತಾ ಕಾಯಿದೆಯಲ್ಲಿ ಮರೀನ್ ಪಡೆಯ ಹೆಸರು ಮತ್ತು ಕರ್ತವ್ಯಗಳು ದಾಖಲಾದವು.

ಹೆಸರು ಉಳಿದರೂ ಗಾತ್ರ ಉಳಿಯಲಿಲ್ಲ. 1950ರ ಮಧ್ಯಭಾಗಕ್ಕೆ ಪಡೆಯ ಸಂಖ್ಯೆ ಸುಮಾರು 75,000ಕ್ಕೆ ಕುಸಿದಿತ್ತು. ದೊಡ್ಡ ಪ್ರಮಾಣದ ತೀರಾಕ್ರಮಣಗಳ ಕಾಲ ಮುಗಿಯಿತೆಂದು ಜನರಲ್ ಒಮರ್ ಬ್ರಾಡ್ಲಿ 1949ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಸಮಿತಿಯ ಮುಂದೆ ನುಡಿದಿದ್ದನು. ಅದಾಗಿ ಒಂದು ವರ್ಷ ತುಂಬುವ ಮೊದಲೇ, 1950ರ ಸೆಪ್ಟೆಂಬರ್ 15ರಂದು, ಒಂದನೆಯ ಮರೀನ್ ಡಿವಿಷನ್ ಕೊರಿಯಾದ ಇಂಚೋನ್ ಬಂದರಿನಲ್ಲಿ ಇಳಿದು ಯುದ್ಧದ ಗತಿಯನ್ನೇ ಬದಲಿಸಿತು. ಅದಕ್ಕೆ ಕೆಲವೇ ದಿನಗಳ ಹಿಂದೆ, ಮರೀನ್ ಪಡೆ ನೌಕಾಸೇನೆಯ ಪೊಲೀಸು ದಳ ಮಾತ್ರವೆಂದು ಅಧ್ಯಕ್ಷ ಟ್ರೂಮನ್ ಶಾಸಕನೊಬ್ಬನಿಗೆ ಬರೆದ ಪತ್ರ ಬಹಿರಂಗವಾಗಿ, ಅವನು ಕ್ಷಮೆ ಯಾಚಿಸಬೇಕಾಗಿ ಬಂದಿತ್ತು.

1952ರ ಜೂನ್ 28ರಂದು ಅದೇ ಟ್ರೂಮನ್ ಸಹಿ ಹಾಕಿದ ಕಾಯಿದೆಯು ಮರೀನ್ ಪಡೆಯ ಸ್ಥಾನಮಾನದ ಇತಿಹಾಸದಲ್ಲಿ ನಿರ್ಣಾಯಕವಾದುದು. ಸೆನೆಟರ್ ಡಗ್ಲಸ್ ಮತ್ತು ಪ್ರತಿನಿಧಿ ಮ್ಯಾನ್ಸ್‌ಫೀಲ್ಡ್ ಮುಂದಿಟ್ಟ ಈ ಕಾಯಿದೆಯ ಪ್ರಕಾರ ಪಡೆಯಲ್ಲಿ ಕನಿಷ್ಠ ಮೂರು ಡಿವಿಷನ್ನುಗಳೂ ಮೂರು ವೈಮಾನಿಕ ವಿಂಗುಗಳೂ ಇರಲೇಬೇಕು. ಸೇನಾಘಟಕವೊಂದರ ಕನಿಷ್ಠ ರಚನೆಯನ್ನು ಈ ಬಗೆಯಲ್ಲಿ ಶಾಸನದಲ್ಲಿಯೇ ನಿಗದಿಪಡಿಸುವುದು ಅಪರೂಪದ ಸಂಗತಿ. ಜಂಟಿ ಸೇನಾ ಮುಖ್ಯಸ್ಥರ ಮಂಡಳಿಯಲ್ಲಿ ತನ್ನ ಪಡೆಗೆ ನೇರವಾಗಿ ಸಂಬಂಧಿಸಿದ ವಿಷಯಗಳು ಬಂದಾಗ ಕಮಾಂಡೆಂಟನಿಗೆ ಇತರ ಮುಖ್ಯಸ್ಥರ ಸಮಾನ ಸ್ಥಾನವೂ ದೊರೆಯಿತು. 1978ರಲ್ಲಿ ಅವನು ಮಂಡಳಿಯ ಪೂರ್ಣ ಸದಸ್ಯನಾದನು. 2005ರಲ್ಲಿ ಪೀಟರ್ ಪೇಸ್ ಮಂಡಳಿಯ ಅಧ್ಯಕ್ಷ ಪದವಿಗೇರಿದ ಮೊದಲ ಮರೀನ್ ಅಧಿಕಾರಿ ಎನಿಸಿದನು.

ಇಂದಿನ ವ್ಯವಸ್ಥೆಯ ಸ್ವರೂಪ

ಪ್ರಚಲಿತ ವ್ಯವಸ್ಥೆಯಲ್ಲಿ ಒಂದು ಇಲಾಖೆ, ಎರಡು ಸೇನೆ ಎಂಬ ಸೂತ್ರವಿದೆ. ನೌಕಾ ಇಲಾಖೆಯೊಳಗೆ ನೌಕಾಸೇನೆ ಮತ್ತು ಮರೀನ್ ಪಡೆ ಎರಡೂ ಇವೆ. ಮರೀನ್ ಕಮಾಂಡೆಂಟನು ನಾಗರಿಕನಾದ ನೌಕಾ ಕಾರ್ಯದರ್ಶಿಗೆ ಉತ್ತರದಾಯಿಯಾಗಿರುತ್ತಾನೆ. ನೌಕಾಸೇನೆಯ ಮುಖ್ಯಸ್ಥನಿಗೆ ಅಧೀನನಲ್ಲ. ಇದೇ ಕಾರಣದಿಂದ ಮರೀನ್ ಪಡೆ ನೌಕಾಸೇನೆಯ ಭಾಗವೆಂಬ ಜನಜನಿತ ಹೇಳಿಕೆ ಕಾನೂನಿನ ದೃಷ್ಟಿಯಲ್ಲಿ ತಪ್ಪು. ಅದು ನೌಕಾ ಇಲಾಖೆಯ ಭಾಗವೆಂಬುದು ಸರಿ. ಹಾಗೆಂದು ಅದು ಸ್ವಯಂಪೂರ್ಣವೂ ಅಲ್ಲ. ವೈದ್ಯರು, ರಣರಂಗದಲ್ಲಿ ಶುಶ್ರೂಷೆ ಮಾಡುವವರು, ಧರ್ಮೋಪದೇಶಕರು ನೌಕಾಸೇನೆಯಿಂದಲೇ ಬರುತ್ತಾರೆ. ಸಾಗಿಸುವ ಹಡಗುಗಳೂ ನೌಕಾಸೇನೆಯವೇ. ಯುದ್ಧಕಾಲದಲ್ಲಿ ಆಜ್ಞೆಯ ಸರಪಳಿಯು ಈ ಎರಡೂ ಮುಖ್ಯಸ್ಥರನ್ನು ಬಿಟ್ಟು, ಅಧ್ಯಕ್ಷರಿಂದ ರಕ್ಷಣಾ ಇಲಾಖೆಯ ಕಾರ್ಯದರ್ಶಿಯ ಮೂಲಕ ಆಯಾ ಪ್ರದೇಶದ ಸಂಯುಕ್ತ ಸೇನಾಪತಿಗೆ ತಲುಪುತ್ತದೆ. 1986ರ ಗೋಲ್ಡ್‌ವಾಟರ್-ನಿಕೊಲ್ಸ್ ಕಾಯಿದೆ ಈ ಕ್ರಮವನ್ನು ದೃಢಪಡಿಸಿತು.

ಹಡಗುಗಳ ಅವಲಂಬನೆ ಇಂದಿಗೂ ವಿವಾದದ ವಿಷಯ. ತೀರಾಕ್ರಮಣದ ಹಡಗುಗಳು ಮರೀನರಿಗೆ ಬೇಕು. ಅವುಗಳನ್ನು ಕಟ್ಟಿಸುವ ಹಣ ನೌಕಾಸೇನೆಯ ಆಯವ್ಯಯದಲ್ಲಿ ಜಲಾಂತರ್ಗಾಮಿಗಳೊಡನೆ, ವಿಧ್ವಂಸಕ ನೌಕೆಗಳೊಡನೆ ಸ್ಪರ್ಧಿಸಬೇಕು. 2022ರ ಡಿಸೆಂಬರಿನ ರಕ್ಷಣಾ ಅಧಿಕಾರ ಕಾಯಿದೆಯಲ್ಲಿ ಅಂತಹ ಕನಿಷ್ಠ 31 ಹಡಗುಗಳು ಇರಬೇಕೆಂದು ಕಾಂಗ್ರೆಸ್ಸು ವಿಧಿಸಿತು. 1909ರ ಷರತ್ತಿನ ಹಿಂದಿನ ಮನೋಧರ್ಮವೇ ಇಲ್ಲಿಯೂ ಮರುಕಳಿಸಿದೆ. ಇದೇ ಅವಧಿಯಲ್ಲಿ ಕಮಾಂಡೆಂಟ್ ಡೇವಿಡ್ ಬರ್ಗರ್ 2020ರಲ್ಲಿ ಆರಂಭಿಸಿದ ಪುನಾರಚನೆಯು ಟ್ಯಾಂಕುಗಳನ್ನು ಸಂಪೂರ್ಣವಾಗಿ ಕೈಬಿಟ್ಟು, ದ್ವೀಪಗಳಲ್ಲಿ ಚದುರಿ ನಿಂತು ಕ್ಷಿಪಣಿಗಳಿಂದ ಹಡಗುಗಳನ್ನು ತಡೆಯುವ ಸಣ್ಣ ಘಟಕಗಳತ್ತ ಪಡೆಯನ್ನು ತಿರುಗಿಸಿತು. ನಿವೃತ್ತ ಮರೀನ್ ಸೇನಾನಿಗಳು ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಎಲ್ಲ ಬಗೆಯ ಯುದ್ಧಕ್ಕೂ ಸಿದ್ಧವಾದ ಪಡೆಯೆಂಬ ಹೆಗ್ಗಳಿಕೆ ಕುಂದಿದರೆ, ಪ್ರತ್ಯೇಕ ಅಸ್ತಿತ್ವದ ಸಮರ್ಥನೆಯೂ ಕುಂದೀತೆಂಬ ಆತಂಕ ಆ ವಿರೋಧದಲ್ಲಿ ಅಡಗಿತ್ತು.

ಇತರ ರಾಷ್ಟ್ರಗಳ ಮಾದರಿಗಳು

ಒಂದೇ ಕಾರ್ಯಕ್ಕೆ ಬೇರೆ ಬೇರೆ ರಾಷ್ಟ್ರಗಳು ಬೇರೆ ಬೇರೆ ಸ್ಥಾನ ನೀಡಿರುವುದನ್ನು ಗಮನಿಸಿದರೆ, ಸ್ಥಾನಮಾನವು ಕಾರ್ಯದಿಂದ ತಾನಾಗಿಯೇ ನಿರ್ಧಾರವಾಗುವುದಿಲ್ಲವೆಂಬುದು ಮನದಟ್ಟಾಗುತ್ತದೆ. ಬ್ರಿಟನ್ನಿನ ಮರೀನ್ ಪಡೆ 1755ರಲ್ಲಿ ನೌಕಾಡಳಿತದಡಿ ಸ್ಥಿರವಾಗಿ ನೆಲೆಗೊಂಡಿತು. 1802ರಲ್ಲಿ 'ರಾಯಲ್' ಎಂಬ ಬಿರುದನ್ನು ಪಡೆಯಿತು. ಅದು ಇಂದಿಗೂ ನೌಕಾಸೇನೆಯ ಅಂಗವೇ ಆಗಿದೆ. ಹಾಗಿದ್ದೂ 2025ರಲ್ಲಿ ರಾಯಲ್ ಮರೀನ್ ಅಧಿಕಾರಿಯಾದ ಗ್ವಿನ್ ಜೆಂಕಿನ್ಸ್ ಇಡೀ ನೌಕಾಸೇನೆಯ ಮುಖ್ಯಸ್ಥರಾಗಿ ನೇಮಕಗೊಂಡರು. ಅಂಗವಾಗಿ ಉಳಿದ ಪಡೆಗೆ ಶಿರಸ್ಸಿನ ಸ್ಥಾನ ದೊರೆತ ಈ ಸಂಗತಿ ಗಮನಾರ್ಹವಾದುದು.

ಫ್ರಾನ್ಸಿನಲ್ಲಿ ಹೆಸರು ಮತ್ತು ವಾಸ್ತವಗಳ ನಡುವೆ ವಿಚಿತ್ರ ವ್ಯತ್ಯಾಸವಿದೆ. ನೌಕಾ ಇಲಾಖೆಗೆ ಸೇರಿದ್ದ ಅಲ್ಲಿನ ಮರೀನ್ ತುಕಡಿಗಳನ್ನು 1900ರ ಕಾಯಿದೆಯು ಯುದ್ಧ ಇಲಾಖೆಗೆ ವರ್ಗಾಯಿಸಿತು. ಅಂದಿನಿಂದ ಅವು ಭೂಸೇನೆಯಲ್ಲಿವೆ. ಹೆಸರಿನಲ್ಲಿ ಮಾತ್ರ ಸಮುದ್ರದ ನೆನಪು ಉಳಿದಿದೆ. ಜಪಾನ್ 2018ರಲ್ಲಿ ತೀರಾವತರಣಕ್ಕೆಂದೇ ಬ್ರಿಗೇಡೊಂದನ್ನು ಕಟ್ಟಿದಾಗ ಅದನ್ನು ಭೂ ಸ್ವರಕ್ಷಣಾ ಪಡೆಯಲ್ಲಿ ಇರಿಸಿತು. ರಷ್ಯಾ ಮತ್ತು ಚೀನಾಗಳಲ್ಲಿ ನೌಕಾಪದಾತಿಯು ನೌಕಾಸೇನೆಯ ಅಂಗವಾಗಿದೆ.

ದಕ್ಷಿಣ ಕೊರಿಯಾದ ಉದಾಹರಣೆ ಎಲ್ಲಕ್ಕಿಂತ ಬೋಧಪ್ರದವಾದುದು. 1949ರ ಏಪ್ರಿಲ್ 15ರಂದು ಸ್ಥಾಪಿತವಾಗಿ, ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳಲ್ಲಿ ಹೆಸರು ಗಳಿಸಿದ್ದ ಅಲ್ಲಿನ ಮರೀನ್ ಪಡೆಯ ಕೇಂದ್ರಕಾರ್ಯಾಲಯವನ್ನು 1973ರ ಅಕ್ಟೋಬರಿನಲ್ಲಿ ವಿಸರ್ಜಿಸಿ, ಪಡೆಯನ್ನು ನೌಕಾಸೇನೆಯಲ್ಲಿ ಲೀನಗೊಳಿಸಲಾಯಿತು. ಘಟಕಗಳು ಉಳಿದವು, ಯೋಧರು ಉಳಿದರು; ಆದರೆ ಅವರ ಪರವಾಗಿ ಮಾತನಾಡುವ ಕೇಂದ್ರವೊಂದು ಉಳಿಯಲಿಲ್ಲ. 1987ರ ನವೆಂಬರಿನಲ್ಲಿ ಆ ಕಾರ್ಯಾಲಯ ಮರಳಿ ಸ್ಥಾಪಿತವಾಗುವವರೆಗೆ ಹದಿನಾಲ್ಕು ವರ್ಷಗಳೇ ಕಳೆದವು. ವ್ಯಾಂಡಿಗ್ರಿಫ್ಟ್ ಹೆದರಿದ್ದುದು ಕೇವಲ ಕಲ್ಪನೆಯಲ್ಲವೆಂಬುದಕ್ಕೆ ಇದು ಸಾಕ್ಷಿ.

ಭಾರತದ ಸಂದರ್ಭ

ಭಾರತದಲ್ಲಿ ಪ್ರತ್ಯೇಕ ಮರೀನ್ ಪಡೆ ಇಲ್ಲ. 1987ರಲ್ಲಿ ರೂಪುಗೊಂಡ ಮಾರ್ಕೋಸ್ ದಳದ ಹೆಸರಿನಲ್ಲಿ ಮರೀನ್ ಎಂಬ ಪದವಿದ್ದರೂ ಅದು ನೌಕಾಸೇನೆಯ ವಿಶೇಷ ಕಾರ್ಯಪಡೆ. ತೀರವನ್ನು ಗೆದ್ದು ಹಿಡಿದು ನಿಲ್ಲುವ ದೊಡ್ಡ ಬಲವಲ್ಲ. ತೀರಾವತರಣದ ಹೊಣೆಯನ್ನು ಅದಕ್ಕೆಂದು ತರಬೇತಾದ ಭೂಸೇನೆಯ ಬ್ರಿಗೇಡುಗಳು ಹೊತ್ತಿವೆ. ಅವುಗಳನ್ನು ಒಯ್ಯುವ ಹಡಗುಗಳು ನೌಕಾಸೇನೆಯವು. 2007ರಲ್ಲಿ ಅಮೆರಿಕದಿಂದ ಪಡೆದ ಜಲಾಶ್ವ ನೌಕೆ ಇವುಗಳಲ್ಲಿ ದೊಡ್ಡದು.

ಈ ವಿಭಜನೆಯ ತೊಡಕು 1971ರ ಡಿಸೆಂಬರಿನಲ್ಲಿ ಕಾಕ್ಸ್ ಬಜಾರಿನ ಬಳಿ ಅನುಭವಕ್ಕೆ ಬಂದಿತು. ಅಲ್ಲಿ ಗೂರ್ಖಾ ಪದಾತಿಯನ್ನು ಹಡಗುಗಳಿಂದ ಇಳಿಸುವ ಕಾರ್ಯಾಚರಣೆಯನ್ನು ಅವಸರದಲ್ಲಿ ಕೈಗೊಳ್ಳಲಾಯಿತು. ಸೈನಿಕರಿಗೆ ಈ ಬಗೆಯ ಅಭ್ಯಾಸವಿರಲಿಲ್ಲ. ದಡಕ್ಕೆ ಮುನ್ನವೇ ನೀರು ಆಳವಾಗಿತ್ತು. ಶತ್ರುವಿನ ಪ್ರತಿರೋಧವಿಲ್ಲದಿದ್ದರೂ ಮುಳುಗಿ ಪ್ರಾಣಹಾನಿಯಾಯಿತು. ಪರ್ವತದಲ್ಲಿ ಅಪ್ರತಿಮರಾದ ಯೋಧರೂ ಸಮುದ್ರದ ಅಂಚಿನಲ್ಲಿ ಬೇರೆಯೇ ಶಿಕ್ಷಣವನ್ನು ಪಡೆದಿರಬೇಕೆಂಬ ಪಾಠವನ್ನು ಈ ಘಟನೆ ಕಲಿಸಿತು.

ಕಾನೂನಿನ ಪ್ರಶ್ನೆಯೂ ಇಲ್ಲಿ ಬೇರೆ ರೂಪದಲ್ಲಿ ಎದುರಾಯಿತು. 1950ರ ಭೂಸೇನಾ ಕಾಯಿದೆ, 1950ರ ವಾಯುಸೇನಾ ಕಾಯಿದೆ, 1957ರ ನೌಕಾಸೇನಾ ಕಾಯಿದೆ ಎಂಬ ಮೂರು ಬೇರೆ ಬೇರೆ ಶಾಸನಗಳು ಜಾರಿಯಲ್ಲಿರುವುದರಿಂದ, 2001ರಲ್ಲಿ ಸ್ಥಾಪಿತವಾದ ಅಂಡಮಾನ್ ಮತ್ತು ನಿಕೋಬಾರ್ ಕಮಾಂಡಿನಂತಹ ಸಂಯುಕ್ತ ಸಂಸ್ಥೆಯ ಮುಖ್ಯಸ್ಥನಿಗೆ ಅನ್ಯಸೇನೆಯ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಜರುಗಿಸುವ ಅಧಿಕಾರವಿರಲಿಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿ 2024ರ ಮೇ 10ರಿಂದ ಜಾರಿಗೆ ಬಂದ ಅಂತರ್‌ಸೇನಾ ಸಂಸ್ಥೆಗಳ ಕಾಯಿದೆಯು ಈ ಅಧಿಕಾರವನ್ನು ನೀಡಿತು. ಆಯಾ ಸೇನೆಯ ಸೇವಾನಿಯಮಗಳನ್ನು ಹಾಗೆಯೇ ಉಳಿಸಿ ಶಿಸ್ತಿನ ಅಧಿಕಾರವನ್ನು ಮಾತ್ರ ಒಂದೆಡೆ ಸೇರಿಸಿದ ಈ ಪರಿಹಾರವು 1834ರ ಅಮೆರಿಕದ ಕಾಯಿದೆಗೆ ತತ್ತ್ವದಲ್ಲಿ ಸಮೀಪವಾದುದು.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮರೀನ್ ಪಡೆಯ ಸ್ಥಾನಮಾನ ಭೂಗೋಳದಿಂದಾಗಲಿ ಯುದ್ಧತಂತ್ರದಿಂದಾಗಲಿ ಸಿದ್ಧಿಸಿದುದಲ್ಲ. 1798, 1834, 1947, 1952 ಮತ್ತು 1978ರ ಶಾಸನಗಳು ಅದನ್ನು ಹಂತಹಂತವಾಗಿ ಕಟ್ಟಿದವು. ಎರಡನೆಯದಾಗಿ, ಪಡೆಯನ್ನು ಕುಗ್ಗಿಸುವ ಪ್ರತಿಯೊಂದು ಪ್ರಯತ್ನದ ಹಿಂದೆಯೂ ಮಿತವ್ಯಯದ, ಏಕರೂಪತೆಯ ಸಮಂಜಸ ವಾದಗಳಿದ್ದವು. ಆ ವಾದಗಳಿಗೆ ಉತ್ತರವಾಗಿ ಪಡೆಯು ತನ್ನ ಕಾರ್ಯವನ್ನು ಮತ್ತೆ ಮತ್ತೆ ಹೊಸದಾಗಿ ನಿರೂಪಿಸಿಕೊಂಡಿತು. ಮೂರನೆಯದಾಗಿ, ಅಧಿಕಾರದ ಗಡಿಗಳು ಅಸ್ಪಷ್ಟವಾಗಿದ್ದಾಗ ಅದರ ಬೆಲೆಯನ್ನು ತೆರುವವರು ಕಚೇರಿಗಳಲ್ಲಿ ಕುಳಿತವರಲ್ಲ. ಗ್ವಾಡಲ್‌ಕೆನಾಲಿನಲ್ಲಿ ಹಡಗುಗಳು ಮರೆಯಾಗುವುದನ್ನು ನೋಡುತ್ತ ನಿಂತವರೂ, ಕಾಕ್ಸ್ ಬಜಾರಿನ ನೀರಿಗೆ ಇಳಿದವರೂ ಆ ಬೆಲೆಯನ್ನು ತೆತ್ತರು. ಸಂಯುಕ್ತ ಕಮಾಂಡುಗಳ ರಚನೆಯತ್ತ ಹೆಜ್ಜೆಯಿಟ್ಟಿರುವ ಭಾರತದಂತಹ ರಾಷ್ಟ್ರಕ್ಕೆ ಪ್ರತ್ಯೇಕ ಮರೀನ್ ಪಡೆ ಬೇಕೋ ಬೇಡವೋ ಎಂಬುದು ಚರ್ಚಾಸ್ಪದವಾಗಿ ಉಳಿಯಬಹುದು. ದಡದ ಮೇಲಿಳಿಯುವ ಯೋಧನು ಯಾರ ಆಜ್ಞೆಯಡಿ, ಯಾರ ರಕ್ಷಣೆಯಡಿ ಇರುತ್ತಾನೆಂಬುದನ್ನು ಅವನು ಹಡಗನ್ನೇರುವ ಮೊದಲೇ ಶಾಸನವು ನಿಶ್ಚಯಿಸಿರಬೇಕೆಂಬ ವಿಷಯದಲ್ಲಿ ಮಾತ್ರ ಈ ಇತಿಹಾಸವು ಸಂದೇಹಕ್ಕೆ ಎಡೆಗೊಡುವುದಿಲ್ಲ.